ಕೆಟ್ಟದಾಗಿ ಆಡುವ ಹಕ್ಕು

ಗಾಲ್ಫ್ ಎಂದೊಡನೆ ನಮ್ಮ ಪ್ರಗತಿಪರ ಗೆಳೆಯರ ಮುಖದಲ್ಲಿ ಮೂಡುವ ವ್ಯಂಗ್ಯದ ನಗು ನನಗೆ ಅರ್ಥವಾಗುತ್ತದೆ. ಬೆಂಗಳೂರಿನ ನಡುಮಧ್ಯೆ 1876ರಿಂದಲೂ ಇರುವ ಕ್ಲಬ್ಬನ್ನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದವರು ನಾವು. ಆ ಆಟ ನಮ್ಮದಲ್ಲ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಅಲ್ಲಿಂದ ನೇರ ‘ಗಾಲ್ಫ್ ಮೈದಾನಗಳನ್ನೆಲ್ಲ ಮುಚ್ಚಿಬಿಡಿ’ ಎಂಬಲ್ಲಿಗೆ ಜಿಗಿಯುತ್ತಾರಲ್ಲ, ನನ್ನ ತಕರಾರಿರುವುದು ಅದಕ್ಕೆ.

ನ್ಯೂಯಾರ್ಕಿನಲ್ಲಿ ಪಿಎಚ್.ಡಿ. ಮಾಡುತ್ತಿರುವ ನಾನು ಆಡುವುದು ಬ್ರಾಂಕ್ಸ್‌ನ ವ್ಯಾನ್ ಕೋರ್ಟ್‌ಲ್ಯಾಂಡ್ ಪಾರ್ಕಿನಲ್ಲಿ. 1895ರಲ್ಲಿ ಶುರುವಾದ ಇದು ಅಮೆರಿಕದ ಮೊದಲ ಸಾರ್ವಜನಿಕ ಗಾಲ್ಫ್ ಮೈದಾನ. 1ನೇ ನಂಬರಿನ ರೈಲಿನಲ್ಲಿ ಕೊನೆಯ ನಿಲ್ದಾಣಕ್ಕೆ ಹೋಗಿ ಇಳಿದರೆ, ಹೆಗಲಿಗೆ ಚೀಲ ಹಾಕಿಕೊಂಡು ನಡೆದೇ ತಲುಪಬಹುದು. ಸದಸ್ಯತ್ವ ಬೇಡ, ಶಿಫಾರಸು ಬೇಡ. ಊರಿನ ನಿವಾಸಿಗಳಿಗೆ ರಿಯಾಯಿತಿಯೂ ಉಂಟು. ಒಬ್ಬಳೇ ಹೋದರೆ ಗುರುತಿಲ್ಲದ ಮೂವರ ಜೊತೆ ಸೇರಿಸಿ ಕಳಿಸುತ್ತಾರೆ. ಹಾಗೆ ಜೊತೆಯಾದವರಲ್ಲಿ ಬಸ್ ಚಾಲಕರಿದ್ದಾರೆ, ರಾತ್ರಿಪಾಳಿ ಮುಗಿಸಿ ಬಂದ ನರ್ಸುಗಳಿದ್ದಾರೆ. ಹುಲ್ಲು ಅಲ್ಲಲ್ಲಿ ಬೋಳು. 18 ಕುಳಿ ಮುಗಿಸಲು ಐದು ಗಂಟೆಗೂ ಮೇಲೆ. ನಮ್ಮ ಆಟವಂತೂ ಕೇಳಲೇಬೇಡಿ.

ಮುಖ್ಯ ಸಂಗತಿ ಇರುವುದೇ ಇಲ್ಲಿ. ಬಿಡದಿ ಬಳಿಯ ಮೈದಾನದಲ್ಲಿ ಚೆಂಡು ಹೆಕ್ಕುತ್ತಿದ್ದ ಹುಡುಗ ಚಿಕ್ಕರಂಗಪ್ಪ ವೃತ್ತಿಪರ ಗಾಲ್ಫರ್ ಆದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೆಮ್ಮೆ ಸರಿಯೇ. ಆದರೆ ಬಡವನೊಬ್ಬ ಆ ಹುಲ್ಲಿನ ಮೇಲೆ ಕಾಲಿಡಲು ಅಸಾಧಾರಣ ಪ್ರತಿಭಾವಂತನೇ ಆಗಿರಬೇಕೇ? ದುಡ್ಡಿದ್ದವನು ಜೀವನಪೂರ್ತಿ ಕೆಟ್ಟದಾಗಿ ಆಡಬಹುದು, ಯಾರೂ ಕೇಳುವುದಿಲ್ಲ. ಆ ಸ್ವಾತಂತ್ರ್ಯ ಎಲ್ಲರಿಗೂ ಸಿಕ್ಕರೆ ಮಾತ್ರ ಮೈದಾನವನ್ನು ‘ಸಾರ್ವಜನಿಕ’ ಎನ್ನಬೇಕು.

ಹೆಸರಿಗಷ್ಟೇ ಸಾರ್ವಜನಿಕವಾದವೂ ಇವೆ. ಇದೇ ಬ್ರಾಂಕ್ಸ್‌ನ ಫೆರಿ ಪಾಯಿಂಟ್‌ನಲ್ಲಿ, ಕಸ ಸುರಿಯುತ್ತಿದ್ದ ಜಾಗದ ಮೇಲೆ, ನಗರಾಡಳಿತ 12 ಕೋಟಿ ಡಾಲರಿಗೂ ಹೆಚ್ಚು ಸುರಿದು ಮೈದಾನ ಕಟ್ಟಿತು. 2015ರಲ್ಲಿ ಅದು ತೆರೆದಾಗ ನಡೆಸಲು ಕೊಟ್ಟದ್ದು ಟ್ರಂಪ್ ಕಂಪನಿಗೆ. ಮೊದಲ ನಾಲ್ಕು ವರ್ಷ ನಗರಕ್ಕೆ ಗುತ್ತಿಗೆ ಶುಲ್ಕವನ್ನೂ ಕಟ್ಟಬೇಕಿರಲಿಲ್ಲ. 2023ರಿಂದ ಬ್ಯಾಲೀಸ್ ಎಂಬ ಕ್ಯಾಸಿನೊ ಕಂಪನಿ ನಡೆಸುತ್ತಿದೆ. ನೆಲ ಜನರದು, ದುಡ್ಡು ಜನರದು. ಒಂದು ಸುತ್ತಿನ ದರ ಮಾತ್ರ ನನ್ನ ಫೆಲೋಶಿಪ್ಪಿಗೆ ಎಟುಕುವುದಲ್ಲ, ಆ ನರ್ಸುಗಳ ಸಂಬಳಕ್ಕೂ ಎಟುಕುವುದಲ್ಲ.

ಮುಚ್ಚಿಸುವ ಗೆಳೆಯರು ‘ಅಲ್ಲಿ ಬಡವರಿಗೆ ಮನೆ ಕಟ್ಟಲಿ’ ಎನ್ನುತ್ತಾರೆ. ನ್ಯೂಯಾರ್ಕಿನಲ್ಲಿ ಪಾರ್ಕಿನ ನೆಲವನ್ನು ಬೇರೆ ಕೆಲಸಕ್ಕೆ ಬಳಸಲು ರಾಜ್ಯ ಶಾಸನಸಭೆಯ ಒಪ್ಪಿಗೆ ಬೇಕು. ಒಮ್ಮೆ ಆ ಬಾಗಿಲು ತೆರೆದರೆ ಮೊದಲು ನುಗ್ಗುವವರು ಬಡವರೋ ಬಿಲ್ಡರುಗಳೋ, ಬೆಂಗಳೂರಿನ ಕೆರೆಗಳ ಕಥೆ ಗೊತ್ತಿರುವವರಿಗೆ ನಾನು ಹೇಳಬೇಕಿಲ್ಲ. ನಿಜಕ್ಕೂ ಕೋಪವಿದ್ದರೆ ಅದನ್ನು ಫೆರಿ ಪಾಯಿಂಟ್‌ನ ಗುತ್ತಿಗೆ ಪತ್ರದ ಮೇಲೆ ತೋರಿಸಲಿ: ಕುಳಿಗಳ ಸಂಖ್ಯೆಯಷ್ಟೇ ಖಚಿತವಾಗಿ, ಬ್ರಾಂಕ್ಸ್‌ನವರು ಕೊಡಬಲ್ಲ ದರವನ್ನೂ ಅದರಲ್ಲಿ ಬರೆಸಲಿ.