ಹಳೆಯ ಕಾರೂ ಆದೇಶ ಸಂಧಿಯೂ

ಇಂದಿನದು ಯಂತ್ರಯುಗ. ಯಂತ್ರವನ್ನು ಕೊಳ್ಳುವಾಗ ಅದರ ಬಣ್ಣ, ವೇಗ, ಬೆಲೆಗಳನ್ನು ವಿಚಾರಿಸುವ ನಾವು, ಇಪ್ಪತ್ತು ವರ್ಷಗಳ ಮೇಲೆ ಅದರ ಒಂದು ಬಿಡಿಭಾಗ ಕೆಟ್ಟರೆ ಎಲ್ಲಿ ಸಿಗುವುದೆಂದು ಕೇಳುವುದಿಲ್ಲ. ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ.

ನಮ್ಮದು ವಾಹನಗಳ ಸೀಮೆ. ಹಿಂದೆ ಒಂದೇ ಸೇಲಂ ಜಿಲ್ಲೆಯಾಗಿದ್ದು, 1965ರಲ್ಲಿ ಧರ್ಮಪುರಿಯೂ 2004ರಲ್ಲಿ ಕೃಷ್ಣಗಿರಿಯೂ ಬೇರೆ ಜಿಲ್ಲೆಗಳಾದ ಈ ಭಾಗದಲ್ಲಿ, ಹೊಸೂರಿನ ಕಾರ್ಖಾನೆಗಳು ಲಾರಿ, ಮೋಟಾರ್ ಸೈಕಲ್ಲುಗಳನ್ನು ತಯಾರಿಸುತ್ತವೆ. ಸೇಲಂನಿಂದ ಹೊಸೂರಿನವರೆಗೆ ಹೆದ್ದಾರಿಯ ಬದಿಯಲ್ಲಿ ರಿಪೇರಿ ಷೆಡ್ಡುಗಳಿವೆ. ಇಲ್ಲಿಯ ಎಷ್ಟೋ ಹುಡುಗರಿಗೆ ಅವು ಅನ್ನ ಕೊಡುವ ತಾಣಗಳು. ಆದ್ದರಿಂದ ಈ ವಿಚಾರ ಶ್ರೀಮಂತರ ಕಾರಿನದು ಮಾತ್ರವೆಂದು ತಿಳಿಯಬಾರದು.

ಅಂಬಾಸಿಡರ್, ಪದ್ಮಿನಿ ಕಾರುಗಳ ಕಾರ್ಬ್ಯುರೇಟರನ್ನು ಕೈಯಿಂದಲೇ ಬಿಚ್ಚಿ ಸರಿಪಡಿಸಬಹುದಾಗಿತ್ತು. 2000ದ ಹೊತ್ತಿಗೆ ಹೊಗೆಯ ನಿಯಮಗಳು ಬಿಗಿಯಾದವು. ಪೆಟ್ರೋಲನ್ನು ಅಳೆದು ಕೊಡುವ ಕೆಲಸ ಸಣ್ಣದೊಂದು ಕಂಪ್ಯೂಟರಿನ ಪಾಲಾಯಿತು. ಅದರ ಕಣ್ಣು, ಕಿವಿಗಳೇ ಸೆನ್ಸರ್‌ಗಳು. ಒಂದು ಸೆನ್ಸರ್ ಹಲ್ಲುಚಕ್ರದ ತಿರುಗುವಿಕೆಯನ್ನು ಗಮನಿಸಿ ಕಿಡಿ ಹಾರಿಸಬೇಕಾದ ಗಳಿಗೆಯನ್ನು ತಿಳಿಸುತ್ತದೆ. ಇನ್ನೊಂದು ತಂಪುನೀರಿನ ಬಿಸಿಯನ್ನು ತಿಳಿಸುತ್ತದೆ. ಹೆಬ್ಬೆರಳಿನಷ್ಟು ಗಾತ್ರದ ಇಂಥ ವಸ್ತು ಕೆಟ್ಟರೆ ಇಡೀ ಕಾರು ಮೂಲೆಗೆ ಬೀಳುತ್ತದೆ.

ನಮ್ಮ ದೇಶದ ಸ್ಯಾನ್ ಸ್ಟಾರ್ಮ್ ಎಂಬ ಸ್ಪೋರ್ಟ್ಸ್ ಕಾರನ್ನೇ ನೋಡಿ. 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ತಯಾರಾದ, ಇಬ್ಬರು ಕೂರುವ, ಫೈಬರ್ ಮೈಯ ಬಂಡಿ ಅದು. ತಯಾರಿಕೆ ನಿಂತು ಬಹಳ ಕಾಲವಾಯಿತು. ಆದರೆ ಅದರ ಇಂಜಿನ್ ಫ್ರಾನ್ಸಿನ ರೆನೋ ಕಂಪನಿಯದು; ಅದೇ ಬಗೆಯ ಇಂಜಿನ್ ಯೂರೋಪಿನ ಕ್ಲಿಯೋ ಕಾರಿನಲ್ಲೂ ಇತ್ತು. ಅಂದಮೇಲೆ ಇಂಥ ಕಾರಿನ ಸೆನ್ಸರನ್ನು ಹುಡುಕುವವರು ಬಾನೆಟ್ಟಿನ ಮೇಲಿನ ಹೆಸರನ್ನು ಹಿಡಿದು ಹೊರಟರೆ ಬರಿಗೈಯಲ್ಲಿ ಮರಳುತ್ತಾರೆ. ಇಂಜಿನ್ನಿನ ಮೂಲವನ್ನು ಹಿಡಿದು ಹೊರಟರೆ ದಾರಿ ಕಾಣುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಚೆನ್ನೈನ ಪುದುಪೇಟೆಯಲ್ಲಾಗಲಿ ಕೇಳುವವನಿಗೆ ಏನು ಕೇಳಬೇಕೆಂಬುದು ಮೊದಲು ಗೊತ್ತಿರಬೇಕು.

ಕನ್ನಡ ವ್ಯಾಕರಣದಲ್ಲಿ ಆದೇಶ ಸಂಧಿಯನ್ನು ನೀವೆಲ್ಲರೂ ಕಲಿತಿದ್ದೀರಿ. 'ಮಳೆ' ಮತ್ತು 'ಕಾಲ' ಸೇರಿದಾಗ 'ಕ'ಕಾರದ ಜಾಗಕ್ಕೆ 'ಗ'ಕಾರ ಬಂದು 'ಮಳೆಗಾಲ'ವಾಗುತ್ತದೆ. ಅಲ್ಲಿಗೆ ಯಾವುದೋ ಒಂದು ಅಕ್ಷರ ಬಂದು ಕೂರುವಂತಿಲ್ಲ. ನಿಯಮ ಹೇಳುವ ಅಕ್ಷರವೇ ಬರಬೇಕು. ಸೆನ್ಸರಿನ ನ್ಯಾಯವೂ ಇದೇ. ತಿರುಪಿನ ಅಳತೆ ಹೊಂದಿತೆಂದು ಕೂರಿಸಿದರೆ ಸಾಲದು. ಬಿಸಿ ಅಳೆಯುವ ಒಂದು ಸಾಮಾನ್ಯ ಬಗೆಯ ಸೆನ್ಸರಿನ ವಿದ್ಯುತ್ ರೋಧ 20 ಡಿಗ್ರಿಯಲ್ಲಿ ಸುಮಾರು 2,500 ಓಮ್ ಇದ್ದು, 80 ಡಿಗ್ರಿಯಲ್ಲಿ ಸುಮಾರು 300 ಓಮಿಗೆ ಇಳಿಯುತ್ತದೆ. ಹೊಸದು ಬೇರೆ ರೀತಿ ಇಳಿದರೆ, ಕಾದ ಇಂಜಿನ್ನನ್ನು ಕಂಪ್ಯೂಟರು ತಣ್ಣಗಿದೆಯೆಂದು ಬಗೆದು ಪೆಟ್ರೋಲನ್ನು ಸುರಿಯುತ್ತದೆ. ಕಪ್ಪು ಹೊಗೆ ಏಳುತ್ತದೆ. ಸೆನ್ಸರಿನ ಬದಲು ಒಂದು ರೆಸಿಸ್ಟರನ್ನು ಕಟ್ಟಿ ಬಂಡಿ ಓಡಿಸುವುದೂ ಉಂಟು. ಅದು ರಿಪೇರಿಯಲ್ಲ, ಇಂಜಿನ್ನಿಗೆ ಹೇಳಿಕೊಟ್ಟ ಸುಳ್ಳು.

ಹಾಗಾದರೆ ಸರಿಯಾದ ಅಳತೆಯನ್ನು ತಿಳಿಯುವುದು ಹೇಗೆ? ಬಹಳ ಸಲ ಅದು ತಯಾರಕರ ಕೈಯಲ್ಲೇ ಉಳಿದಿರುತ್ತದೆ. ನನ್ನ ಅಭಿಪ್ರಾಯವಿಷ್ಟೆ: ಒಂದು ಬಿಡಿಭಾಗದ ತಯಾರಿಕೆಯನ್ನು ನಿಲ್ಲಿಸುವ ಹಕ್ಕು ಕಂಪನಿಗಿರಲಿ, ಆದರೆ ನಿಲ್ಲಿಸುವ ದಿನ ಅದರ ಅಳತೆ, ಗುಣಗಳನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸುವ ಹೊಣೆಯೂ ಅದರದೇ ಆಗಬೇಕು. ರಿಪೇರಿಯ ಹಕ್ಕನ್ನು ಕುರಿತು ಕೇಂದ್ರ ಸರ್ಕಾರ 2022ರಲ್ಲಿ ಸಮಿತಿಯೊಂದನ್ನು ನೇಮಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಆ ಹಕ್ಕು ಕಡ್ಡಾಯ ಕಾನೂನಾಗಿ ನಮ್ಮ ಹೆದ್ದಾರಿಯ ಷೆಡ್ಡುಗಳಿಗೂ ತಲುಪಬೇಕು.

ಹಳೆಯ ಬಂಡಿಗಳು ಹೊಗೆಯುಗುಳುತ್ತವೆ, ಅವನ್ನು ಗುಜರಿಗೆ ಹಾಕುವುದೇ ಲೇಸು ಎನ್ನುವವರಿದ್ದಾರೆ. ತೀರಾ ಹದಗೆಟ್ಟದ್ದಕ್ಕೆ ಆ ಮಾತು ಸರಿ. ಆದರೆ 15 ವರ್ಷ ತುಂಬಿದ ಖಾಸಗಿ ಕಾರನ್ನೂ ಪರೀಕ್ಷಿಸಿ ನೋಂದಣಿಯನ್ನು ಮುಂದುವರಿಸಲು ಕಾನೂನಿನಲ್ಲೇ ಅವಕಾಶವಿದೆ. ಗಟ್ಟಿಯಾದ ಇಂಜಿನ್ನನ್ನು ಒಂದು ಸೆನ್ಸರಿಗಾಗಿ ಎಸೆಯುವುದು, ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡಂತೆ.

ವಿದ್ಯಾರ್ಥಿ ಮಿತ್ರರೇ, ಕಾನೂನು ಬರುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಒಂದು ಹಳೆಯ ಸೆನ್ಸರು, ಬಿಸಿನೀರು, ಥರ್ಮಾಮೀಟರು, ಮಲ್ಟಿಮೀಟರು ಇದ್ದರೆ ವಿಜ್ಞಾನದ ಕೊಠಡಿಯಲ್ಲೇ, ಗುರುಗಳ ಸಮ್ಮುಖದಲ್ಲಿ, ಅದರ ಗುಣವನ್ನು ಅಳೆದು ಕೋಷ್ಟಕ ಬರೆಯಬಹುದು. ಹಾಗೆ ಅಳೆದು ಬರೆಯಲು ಕಲಿತವನು ನಾಳೆ ಯಾವ ಷೆಡ್ಡಿಗೆ ಹೋದರೂ ಬರಿಯ ಕೈಯಾಳಾಗಿ ಉಳಿಯುವುದಿಲ್ಲ. ಮಾರುಕಟ್ಟೆಯಲ್ಲಿ ಬಿಡಿಭಾಗ ನಿಂತುಹೋಗಬಹುದು. ಅದನ್ನು ಕುರಿತ ತಿಳಿವಳಿಕೆ ನಿಂತುಹೋಗಬಾರದು.