ಇಬ್ಬರು ಸಾಕು, ಆದರೆ ಪುಕ್ಕಟೆ ಬೇಡ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂ ತಾಲ್ಲೂಕಿನಲ್ಲಿ ಗಿಟಾರ್ ಹಿಡಿದ ಹುಡುಗರು ಈಗ ಅಪರೂಪವಲ್ಲ. ಗುರುವಿಲ್ಲ, ಕ್ಲಾಸ್ ಇಲ್ಲ, ಮೊಬೈಲ್ ನೋಡಿಯೇ ಕಲಿತವರು. ಭಜನೆಯಲ್ಲಿ, ಶಾಲೆಯ ಪ್ರಾರ್ಥನೆಯಲ್ಲಿ ದನಿ ಪಳಗಿಸಿಕೊಂಡ ಹುಡುಗಿಯರೂ ಇದ್ದಾರೆ. ಇಂಥ ಒಬ್ಬ, ಇಂಥ ಒಬ್ಬಳು ಸೇರಿ "ನಾವಿಬ್ಬರೇ ಕಾರ್ಯಕ್ರಮ ಕೊಡ್ತೀವಿ" ಅಂದರೆ ಜಾತ್ರಾ ಕಮಿಟಿಯಿಂದ ಕಾಲೇಜಿನ ಗ್ಯಾದರಿಂಗ್ ತನಕ ಸಿಗುವ ಉತ್ತರ ಒಂದೇ: "ಇಬ್ರ ಬಂದು ಏನ್ ಮಾಡ್ತೀರಿ? ಮಂದಿ ಕೂಡೂದಿಲ್ರಿ. ಕೀಬೋರ್ಡ್, ಪ್ಯಾಡ್, ಡ್ಯಾನ್ಸ್ ಏನರ ಐತೇನು?"

ಈ ಮಾತನ್ನು ನಾವು ಒಪ್ಪುವುದಿಲ್ಲ. ಇಬ್ಬರ ಸಂಗೀತ ಅರ್ಧ ಸಂಗೀತವಲ್ಲ. ಅದು ತನ್ನಷ್ಟಕ್ಕೆ ಪೂರ್ತಿಯಾದ ಒಂದು ಪದ್ಧತಿ.

ಮೊದಲು ಹೊರಗಿನ ಉದಾಹರಣೆ. ಅಮೆರಿಕದ ಜಾಝ್ ಗಾಯಕಿ ಎಲ್ಲಾ ಫಿಟ್ಜೆರಾಲ್ಡ್ ದೊಡ್ಡ ದೊಡ್ಡ ವಾದ್ಯವೃಂದಗಳ ಮುಂದೆ ಹಾಡಿ ಹೆಸರು ಮಾಡಿದವರು. ಅವರೇ 1973ರಲ್ಲಿ ಗಿಟಾರ್ ವಾದಕ ಜೋ ಪಾಸ್ ಒಬ್ಬರನ್ನೇ ಕೂಡಿಸಿಕೊಂಡು ಒಂದು ಇಡೀ ಆಲ್ಬಂ ಹಾಡಿದರು. ಡ್ರಮ್ ಇಲ್ಲ, ಪಿಯಾನೊ ಇಲ್ಲ. ಆಮೇಲೆ ಅದೇ ಜೋಡಿ ಇನ್ನೂ ಮೂರು ಆಲ್ಬಂ ಮಾಡಿತು. ನಮ್ಮ ಬೆಂಗಳೂರಿನಲ್ಲೇ ರಾಧಾ ಥಾಮಸ್ ಮತ್ತು ಪಿಯಾನೊ ವಾದಕ ಅಮನ್ ಮಹಾಜನ್ ಇಬ್ಬರೇ ಜಾಝ್ ಕಛೇರಿ ಕೊಟ್ಟಿದ್ದಾರೆ. ಜಾಝ್ ಅಂದರೆ ಇಂಗ್ಲಿಷ್ ಹಾಡು ಅಂತ ನಮ್ಮಲ್ಲಿ ತಿಳುವಳಿಕೆ ಇದೆ. ಅದು ಹಾಡಲ್ಲ, ಹಾಡುವ ರೀತಿ. ಮೊದಲು ಧಾಟಿ ಹೇಳಬೇಕು, ನಡುವೆ ಅದನ್ನು ತನ್ನ ಮನಸ್ಸಿಗೆ ಬಂದಂತೆ ಬೆಳೆಸಬೇಕು, ಕೊನೆಗೆ ಮೂಲ ಧಾಟಿಗೆ ಮರಳಬೇಕು. ಖಯಾಲ್ ಕೇಳಿ ಬೆಳೆದ ಈ ಸೀಮೆಗೆ ಇದೇನು ಹೊಸದೇ?

ಈಗ ಮನೆಯ ಉದಾಹರಣೆ. ಆಗ ಇಂಡಿ ತಾಲ್ಲೂಕಿನಲ್ಲಿದ್ದ, ಈಗ ಚಡಚಣ ತಾಲ್ಲೂಕಿಗೆ ಸೇರಿದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಹಾಡು ಕೂಡಿಸಿದರು. 1931ರಲ್ಲಿ 'ಗರತಿಯ ಹಾಡು' ಬಂತು. ಬೀಸುವ ಹಾಡಿನ ವೇದಿಕೆ ಯಾವುದು? ಬೀಸುಕಲ್ಲು. ಎದುರುಬದುರು ಕೂತ ಇಬ್ಬರು, ತಾಳಕ್ಕೆ ತಿರುಗುವ ಕಲ್ಲು. ಏಕತಾರಿ ಹಿಡಿದು ತತ್ವಪದ ಹಾಡುವವರಿಗೂ ತಾಳ ಹಾಕುವವನೊಬ್ಬ ಜೊತೆಗಿದ್ದರೆ ರಾತ್ರಿ ಬೆಳಗಾಗುತ್ತದೆ. ವಿಜಯಪುರವನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ಒಂದು ತಂತಿವಾದ್ಯಕ್ಕೆ ಅಷ್ಟು ಮರ್ಯಾದೆ ಕೊಟ್ಟ ಜಿಲ್ಲೆಯಲ್ಲಿ ಇವತ್ತು ಆರು ತಂತಿಯ ಗಿಟಾರ್ ಒಂದೇ ಸಾಲದು ಅನ್ನುತ್ತಿದ್ದೇವೆ.

"ಗಿಟಾರ್ ನಮ್ಮದಲ್ಲ" ಅನ್ನುವವರೂ ಇದ್ದಾರೆ. ಹಾರ್ಮೋನಿಯಂ ಯಾರದು? ಅಲೆಕ್ಸಾಂಡರ್ ಡೆಬೇನ್ ಅದಕ್ಕೆ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದದ್ದು 1842ರಲ್ಲಿ. ನಮ್ಮ ಸಂಗೀತಕ್ಕೆ ಅದು ಹೊಂದುವುದಿಲ್ಲ ಅಂತ ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತು. ನಿರ್ಬಂಧ ಸಡಿಲವಾಗಲು 1971 ಬರಬೇಕಾಯಿತು. ನಮ್ಮ ಭಜನಾ ಮಂಡಳಿಗಳು ಆ ಆದೇಶಕ್ಕೆ ಕಾಯಲಿಲ್ಲ. ಗಿಟಾರಿಗೆ ಮಾತ್ರ ಬೇರೆ ಕಾಯ್ದೆ ಯಾಕೆ?

ಇನ್ನೊಂದು ಮಾತು ಪಿಸುದನಿಯಲ್ಲಿ ಬರುತ್ತದೆ: "ಹುಡುಗಿ ಒಬ್ಬಾಕಿ, ಹುಡುಗ ಒಬ್ಬಾಂವ, ರಾತ್ರಿ ಊರೂರು ತಿರುಗೂದು..." ಹರದೇಶಿ–ನಾಗೇಶಿ ಗೀಗೀ ಮೇಳ ಕೂತು ಕೇಳಿದ ಊರು ಈ ಮಾತು ಆಡಬಾರದು. ಗಂಡು ಹೆಚ್ಚೆಂದು ಹರದೇಶಿಯವರು ವಾದ ಹೂಡಿದರೆ, ಹೆಣ್ಣು ಹೆಚ್ಚೆಂದು ನಾಗೇಶಿ ಹೆಣ್ಣುಮಗಳು ಬಹಿರಂಗ ಸಭೆಯಲ್ಲಿ ಉತ್ತರ ಕೊಡುತ್ತಾಳೆ. ಅವಳಿಗೆ ಚಪ್ಪಾಳೆ ತಟ್ಟಿದ ಕೈ ಇವಳ ಕಡೆ ಬೆರಳು ತೋರಿಸುವುದು ನ್ಯಾಯವಲ್ಲ. ಕಾಳಜಿ ನಿಜವಿದ್ದರೆ ಕಾರ್ಯಕ್ರಮ ಸಂಜೆ ಆರಕ್ಕೆ ಇಡಿ, ಊರಿಗೆ ಮುಟ್ಟುವ ವ್ಯವಸ್ಥೆ ಮಾಡಿ.

ಅದೇ ಕಮಿಟಿ ಡಿಜೆ ತರಿಸುವಾಗ ಲಾರಿ, ಜನರೇಟರ್, ಡೀಸೆಲ್ ಯಾವುದಕ್ಕೂ ಹಿಂದೆಮುಂದೆ ನೋಡುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ವರ್ಷಕ್ಕೆ ಕೆಲವೇ ದಿನ ಸರಕಾರ ಮಧ್ಯರಾತ್ರಿ ತನಕ ವಿನಾಯಿತಿ ಕೊಡಬಹುದು. ಆ ನಿಯಮವನ್ನು ಎಷ್ಟು ಊರು ಪಾಲಿಸುತ್ತವೆ ಅಂತ ಎದೆಬಡಿತದ ರೋಗಿಗಳಿರುವ ಮನೆಯವರನ್ನು ಕೇಳಿ. ದುಡ್ಡಿಲ್ಲ ಅನ್ನುವುದು ಸುಳ್ಳು. ದುಡ್ಡು ಸದ್ದಿಗೆ ಇದೆ, ಹಾಡಿಗೆ ಇಲ್ಲ.

ಒಂದು ಆಕ್ಷೇಪಣೆಯಲ್ಲಿ ಮಾತ್ರ ಹುರುಳಿದೆ. ತೇರಿನ ದಿನ ಸಾವಿರಾರು ಮಂದಿಯ ನಡುವೆ ಒಂದು ಗಿಟಾರ್, ಒಂದು ದನಿ ಮುಳುಗಿಹೋಗುತ್ತದೆ. ಹೌದು. ಅಲ್ಲಿ ಡೊಳ್ಳು ಇರಲಿ, ಹಲಗೆ ಇರಲಿ. ಇಬ್ಬರ ಸಂಗೀತಕ್ಕೆ ಗುಡಿಯ ಪೌಳಿ, ಗ್ರಂಥಾಲಯ, ಶಾಲೆಯ ಹಾಲ್, ತೊಟ್ಟಿಲ ಕಾರ್ಯಕ್ರಮ, ಮದುವೆಯ ಹಿಂದಿನ ಸಂಜೆ ಸಾಕು. ನೂರು ಮಂದಿ ಕೂತು ಕೇಳಿದರೆ ಅದೂ ಸಭೆಯೇ.

ಹುಡುಗ–ಹುಡುಗಿಯರಿಗೂ ನಮ್ಮ ತಕರಾರು ಇದೆ. ಇಬ್ಬರ ತಂಡದಲ್ಲಿ ಅಡಗಿಕೊಳ್ಳಲು ಜಾಗ ಇರುವುದಿಲ್ಲ. ಗಿಟಾರಿನವನು ಹೆಬ್ಬೆರಳಿನಿಂದ ಕೆಳಸ್ವರದ ತಂತಿ, ಉಳಿದ ಬೆರಳಿನಿಂದ ಕಾರ್ಡ್, ಎರಡರ ನಡುವೆ ತಾಳ, ಮೂರೂ ನಿಭಾಯಿಸಬೇಕು. ದನಿ ಬಂದಾಗ ಕೈ ಹಗುರ ಮಾಡಬೇಕು. ಶ್ರುತಿ ಹಾಡುವವಳ ಗಂಟಲಿಗೆ ಹೊಂದಬೇಕು, ಅವನ ಬೆರಳಿಗಲ್ಲ. ವಚನ, ತತ್ವಪದಕ್ಕೆ ಸಿಕ್ಕ ಸಿಕ್ಕ ಕಾರ್ಡ್ ತುರುಕಿದರೆ ರಾಗ ಕೆಡುತ್ತದೆ. ಎಷ್ಟೋ ಕಡೆ ಬರೀ ಷಡ್ಜ–ಪಂಚಮ ಮೀಟಿದರೆ ಸಾಕು. ಕರಾಒಕೆ ಟ್ರ್ಯಾಕ್ ಹಚ್ಚಿ, ಗಿಟಾರ್ ಕೊರಳಿಗೆ ಹಾಕಿಕೊಂಡು ನಿಲ್ಲುವುದು ಜೋಡಿಯಲ್ಲ. ಹನ್ನೆರಡು ಹಾಡು ಗಟ್ಟಿ ಮಾಡಿಕೊಂಡು ಹೊರಬೀಳಿ.

ಮತ್ತು ಪುಕ್ಕಟೆ ಹಾಡಬೇಡಿ. "ನಿಮಗೂ ಪ್ರಚಾರ ಆಗತೈತಿ" ಅಂತ ಶಾಲು ಹೊದಿಸಿ, ಹಾರ ಹಾಕಿ, ಬಸ್ ಸ್ಟ್ಯಾಂಡಿಗೆ ಬಿಡುವುದು ಗೌರವದ ಹೆಸರಿನ ಬಿಟ್ಟಿ ಚಾಕರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹಾಡುಗಾರ್ತಿಗೆ ಬಸ್ ಟಿಕೆಟ್ ಇಲ್ಲ, ಅದು ಸರಕಾರ ಕೊಟ್ಟದ್ದು. ಕಮಿಟಿ ಏನು ಕೊಟ್ಟಿತು? ಕಾಯಕಕ್ಕೆ ಬೆಲೆ ಕಟ್ಟಿದ ಬಸವಣ್ಣನ ಊರು ಬಾಗೇವಾಡಿ. ಹಾಡೂ ಕಾಯಕ. ಪೆಂಡಾಲಿನವನಿಗೆ, ಅಡುಗೆಯವನಿಗೆ ಕೊಡುವಂತೆ ಹಾಡಿದವರಿಗೂ ಕೊಡಬೇಕು.

ನಾವು ಕೇಳುವುದು ಇಷ್ಟೇ. ಈ ವರ್ಷದ ಜಾತ್ರೆ, ಗಣಪತಿ, ಗ್ಯಾದರಿಂಗ್‌ಗಳಲ್ಲಿ ಡಿಜೆಗೂ ಮುಂಚೆ ಒಂದು ತಾಸು ಇಂಥ ಜೋಡಿಗೆ ಬಿಡಿ. ಸಂಭಾವನೆ ಎಷ್ಟು ಅನ್ನುವುದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಡಿ. ಕರಪತ್ರದಲ್ಲಿ ಅತಿಥಿಗಳ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಅವರ ಹೆಸರೂ ಹಾಕಿ. ಮಂದಿ ಕೂಡುತ್ತಾರೋ ಇಲ್ಲವೋ ಆಮೇಲೆ ನೋಡೋಣ. ಒಮ್ಮೆಯೂ ಕೂಡಿಸಿ ನೋಡದೆ ಕೂಡುವುದಿಲ್ಲ ಅನ್ನಬೇಡಿ.