ನೋಡಿದ್ದಕ್ಕೂ ದುಡ್ಡಾ?

ಗ್ಯಾರೇಜಿನ ಬಿಲ್ ಕೈಗೆ ಬಂದಾಗ ನಾವು ಮೊದಲು ನೋಡೋದೇನು ಹೇಳಿ? ಯಾವ ಪಾರ್ಟ್ ಹಾಕಿದ್ರು, ಅದಕ್ಕೆಷ್ಟು, ಲೇಬರ್ ಎಷ್ಟು. ಪಾರ್ಟಿನ ದುಡ್ಡನ್ನು ತುಟಿ ಪಿಟಕ್ಕೆನ್ನದೆ ಕೊಡ್ತೀವಿ. ಲೇಬರ್ ಅಂದ ಕೂಡಲೇ ಚೌಕಾಸಿ ಶುರು. ಇನ್ನು ‘ಏನಾಗಿದೆ ಅಂತ ಪತ್ತೆ ಮಾಡಿದ್ದಕ್ಕೆ’ ಅಂತ ಬೇರೆಯಾಗಿ ಒಂದು ಸಾಲು ಬರೆದಿದ್ದರಂತೂ ಮುಗೀತು. “ನೋಡಿದ್ದಕ್ಕೂ ದುಡ್ಡಾ ಮಾರಾಯ?” ಅಂತ ಕೇಳೇ ಬಿಡ್ತೀವಿ.

ಈ ಸಲದ ಅಂಕಣ ಆ ಒಂದು ಸಾಲಿನ ಬಗ್ಗೆ. ಆ ಸಾಲಿನ ಹಿಂದೆ ಇರುವ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿಯ ಬಗ್ಗೆ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಹುಟ್ಟಿದೂರು ಭದ್ರಾವತಿ, ಈಗ ಮನೆ ಇರೋದು ಶಿವಮೊಗ್ಗದಲ್ಲಿ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತವನಿಗೆ ಶನಿವಾರ ಬಂದರೆ ಆಟೋ ಕಾಂಪ್ಲೆಕ್ಸ್‌ನಲ್ಲಿರುವ ಗೆಳೆಯನ ಗ್ಯಾರೇಜಿಗೆ ಹೋಗಿ ಕೂರುವ ಚಟ. ಅವನ ಕೈಲಿ ಸ್ಪ್ಯಾನರ್, ನನ್ನ ಕೈಲಿ ಆಸಿಲೋಸ್ಕೋಪ್.

ಆಸಿಲೋಸ್ಕೋಪ್ ಅಂದರೆ ಕಾಲೇಜು ಲ್ಯಾಬಿನಲ್ಲಿ ಹಸಿರು ಗೆರೆ ಓಡುತ್ತಿದ್ದ ಆ ದೊಡ್ಡ ಪೆಟ್ಟಿಗೆಯೇ. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ 1897ರಲ್ಲಿ ಮಾಡಿದ ಕ್ಯಾಥೋಡ್ ರೇ ಟ್ಯೂಬ್ ಅದರ ಮೂಲ. ಈಗ ಅದೇ ಕೆಲಸವನ್ನು ಕೈಯಲ್ಲಿ ಹಿಡಿಯುವ, ಬ್ಯಾಟರಿ ಮೇಲೆ ನಡೆಯುವ ಡಬ್ಬಿ ಮಾಡುತ್ತೆ. ಮಲ್ಟಿಮೀಟರ್ ವೋಲ್ಟೇಜನ್ನು ಒಂದು ಅಂಕಿಯಾಗಿ ಹೇಳಿದರೆ, ಇದು ಆ ವೋಲ್ಟೇಜ್ ಕ್ಷಣಕ್ಷಣಕ್ಕೂ ಹೇಗೆ ಏರಿಳಿಯಿತು ಅಂತ ಗೆರೆ ಎಳೆದು ತೋರಿಸುತ್ತೆ. ಮಲ್ಟಿಮೀಟರ್ ನಾಡಿ ಹಿಡಿದು ನೋಡಿದ ಹಾಗೆ, ಸ್ಕೋಪ್ ಇಸಿಜಿ ತೆಗೆದ ಹಾಗೆ.

ಗಾಡಿಗೆ ಇಸಿಜಿ ಯಾಕೆ ಅಂತೀರಾ? 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತಲ್ಲ, ಆಗ ನಮ್ಮ ಸ್ಕೂಟರು, ಬೈಕುಗಳೂ ಕಾರ್ಬೊರೇಟರ್ ಬಿಟ್ಟು ಫ್ಯೂಯಲ್ ಇಂಜೆಕ್ಷನ್‌ಗೆ ಬಂದವು. ಮೊದಲು ಗಾಡಿ ಮಿಸ್ಸಿಂಗ್ ಹೊಡೆದರೆ ಮರದ ಕೆಳಗಿನ ಮೆಕ್ಯಾನಿಕ್ ಜೆಟ್ ಬಿಚ್ಚಿ ಊದಿ, ಪ್ಲಗ್ ಉಜ್ಜಿ ಕೊಡ್ತಿದ್ದ. ಈಗ ಅದೇ ಗಾಡಿಯೊಳಗೆ ಒಂದು ಚಿಕ್ಕ ಕಂಪ್ಯೂಟರ್, ಅದಕ್ಕೆ ಸುದ್ದಿ ಮುಟ್ಟಿಸೋಕೆ ಅರ್ಧ ಡಜನ್ ಸೆನ್ಸರು. ಸುದ್ದಿ ತಪ್ಪಿದರೆ ಮೀಟರಿನಲ್ಲಿ ಹಳದಿ ದೀಪ.

ದೀಪ ಹತ್ತಿತು ಅಂತ ಗ್ಯಾರೇಜಿಗೆ ಹೋದರೆ ಸ್ಕ್ಯಾನರ್ ಚುಚ್ಚುತ್ತಾರೆ. ಅದು ಒಂದು ಕೋಡ್ ಕೊಡುತ್ತೆ. ಎಡವಟ್ಟು ಆಗೋದು ಇಲ್ಲೇ. ಆ ಕೋಡ್ ನಮ್ಮ ಪಿನ್ ಕೋಡ್ ಇದ್ದ ಹಾಗೆ. 577301 ಅಂದರೆ ಭದ್ರಾವತಿ ಅಂತ ಗೊತ್ತಾಗುತ್ತೆ, ಯಾವ ಬೀದಿ, ಯಾವ ಮನೆ ಅಂತ ಗೊತ್ತಾಗಲ್ಲ. ಪಿ0335 ಅಂತ ಬಂದರೆ ‘ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ’ ಅಂತ ಅರ್ಥ. ಸರ್ಕ್ಯೂಟ್ ಅಂದರೆ ಸೆನ್ಸರು, ಅದರ ಕಪ್ಲರು, ವೈರು, ಅರ್ಥಿಂಗು, ಕಂಪ್ಯೂಟರು, ಇವೆಲ್ಲಾ ಸೇರಿ. ಆದರೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರೋಕೆ ಸಿಗೋದು ಸೆನ್ಸರ್ ಮಾತ್ರ. ಹಾಗಾಗಿ ಮೊದಲು ಬದಲಾಗೋದೂ ಅದೇ.

ನನ್ನ ಚಿಕ್ಕಮ್ಮನ ಮಗಳು, ನನಗೆ ಅಕ್ಕ, ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮನೆ ಭದ್ರಾವತಿ. ನೈಟ್ ಡ್ಯೂಟಿಗೆ ಬಸ್ಸಿನ ಹೊತ್ತು ಹೊಂದಲ್ಲ ಅಂತಲೇ ಸಾಲ ಮಾಡಿ ಹಳೇ ಪೆಟ್ರೋಲ್ ಕಾರು ತಗೊಂಡಿದ್ದಳು. ಕಳೆದ ಮಳೆಗಾಲದಲ್ಲಿ ಅದು ಓಡ್ತಾ ಓಡ್ತಾ ನಿಂತು ಹೋಗೋಕೆ ಶುರುವಾಯ್ತು. ಒಮ್ಮೆ ಮಾಚೇನಹಳ್ಳಿ ಹತ್ತಿರ, ರಾತ್ರಿ, ಜೋರು ಮಳೆ, ಹಿಂದೆ ಲಾರಿ. ಸ್ಟಿಯರಿಂಗ್ ಬಿಗಿಯಾಗಿ, ಬ್ರೇಕ್ ಗಟ್ಟಿಯಾಗಿ, ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದಳಂತೆ. ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್.

ಅವಳು ತೋರಿಸಿದ ಗ್ಯಾರೇಜಿನಲ್ಲಿ ಪಿ0335 ಬಂತು, ಸೆನ್ಸರ್ ಬದಲಾಯ್ತು. ಹತ್ತು ದಿನಕ್ಕೆ ಮತ್ತೆ ನಿಂತಿತು. ಬ್ಯಾಟರಿ ವೀಕ್ ಅಂದ್ರು, ಅದೂ ಹೊಸದು. ಮತ್ತೆ ನಿಂತಿತು. ಪೆಟ್ರೋಲ್ ಪಂಪ್ ಬದಲಾಯ್ತು. ಒಟ್ಟು 17 ಸಾವಿರ ಚಿಲ್ಲರೆ. ಗಾಡಿ ನಿಲ್ಲೋದು ಮಾತ್ರ ನಿಲ್ಲಲಿಲ್ಲ. “ಲೋ, ಇನ್ನೊಂದು ಪಾರ್ಟು ಅಂದ್ರೆ ಕಾರು ಮಾರಿ ಡೇ ಡ್ಯೂಟಿಗೆ ಬರ್ಕೊಡ್ತೀನಿ. ನೈಟ್ ಅಲವನ್ಸ್ ಹೋದ್ರೆ ಹೋಯ್ತು” ಅಂದಳು. ಆ ಅಲವನ್ಸಿನಲ್ಲೇ ಮಗಳ ಟ್ಯೂಷನ್ ಫೀಸ್ ನಡೀತಿತ್ತು ಅಂತ ನನಗೆ ಗೊತ್ತಿತ್ತು.

ಶನಿವಾರ ಕಾರು ಗೆಳೆಯನ ಗ್ಯಾರೇಜಿಗೆ ಬಂತು. ಕ್ರ್ಯಾಂಕ್ ಸೆನ್ಸರಿನ ಎದುರು ಒಂದು ಹಲ್ಲಿನ ಚಕ್ರ ತಿರುಗುತ್ತೆ. ಬಹಳಷ್ಟು ಕಾರುಗಳಲ್ಲಿ 60 ಹಲ್ಲಿನ ಜಾಗ, ಅದರಲ್ಲಿ ಎರಡು ಹಲ್ಲು ಬೇಕಂತಲೇ ಇರಲ್ಲ. ಆ ಖಾಲಿ ಜಾಗ ನೋಡಿಯೇ ಪಿಸ್ಟನ್ ಎಲ್ಲಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕೋದು. ಇಂಜಿನ್ ನಿಂತಲ್ಲೇ 800 ಆರ್‌ಪಿಎಂನಲ್ಲಿ ಓಡ್ತಿದ್ದರೂ ಸೆಕೆಂಡಿಗೆ ಸುಮಾರು 800 ಹಲ್ಲು ಸೆನ್ಸರಿನ ಮುಂದೆ ಹಾದು ಹೋಗುತ್ತೆ. ಮಲ್ಟಿಮೀಟರ್ ಸೆಕೆಂಡಿಗೆ ಎರಡೋ ಮೂರೋ ಸಲ ಅಂಕಿ ಬದಲಿಸುತ್ತೆ. ಆ ಮಧ್ಯೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಿಗ್ನಲ್ ಸತ್ತು ಹುಟ್ಟಿದರೆ ಅದಕ್ಕೆ ಗೊತ್ತೇ ಆಗಲ್ಲ. ಕಂಪ್ಯೂಟರಿಗೆ ಗೊತ್ತಾಗುತ್ತೆ, ಇಂಜಿನ್ ಆಫ್ ಮಾಡುತ್ತೆ.

ಅಕ್ಕನ ಕಾರಿನ ಸೆನ್ಸರಿಗೆ ಮೂರು ವೈರು. 5 ವೋಲ್ಟ್ ಸಪ್ಲೈ, ಅರ್ಥ್, ಸಿಗ್ನಲ್. ಸ್ಕೋಪಿನ ಒಂದು ಚಾನೆಲ್ ಸಿಗ್ನಲ್‌ಗೆ, ಇನ್ನೊಂದನ್ನು ಸೆನ್ಸರಿನ ಅರ್ಥ್ ವೈರಿಗೆ ಹಾಕಿದೆವು. ಪರದೆ ಮೇಲೆ 0ಯಿಂದ 5 ವೋಲ್ಟಿನವರೆಗೆ ಚೌಕ ಚೌಕ ಅಲೆ, ಸುತ್ತಿಗೊಂದು ಖಾಲಿ ಜಾಗ. ಪಾಠದ ಪುಸ್ತಕದ ಚಿತ್ರದ ಹಾಗೆ. ಅಂದರೆ ಹೊಸ ಸೆನ್ಸರ್ ಚೆನ್ನಾಗೇ ಇದೆ. ಹಳೇದೂ ಚೆನ್ನಾಗಿತ್ತೋ ಏನೋ, ಅದು ಆಗಲೇ ಗುಜರಿ ಸೇರಿತ್ತು.

ನಿಂತ ಗಾಡಿಯಲ್ಲಿ ಏನೂ ಸಿಗಲಿಲ್ಲ. ಪ್ರೋಬ್ ವೈರನ್ನು ಕಿಟಕಿಯಿಂದ ಒಳಗೆ ತಂದು, ಗೆಳೆಯ ಓಡಿಸುತ್ತಾ, ನಾನು ಪಕ್ಕದಲ್ಲಿ ಪರದೆ ನೋಡುತ್ತಾ ಹೊರಟೆವು. ಕೈಯಲ್ಲಿ ಹಿಡಿಯುವ ಸ್ಕೋಪಿನ ದೊಡ್ಡ ಲಾಭ ಇದೇ. ಒಂದು ಹಂಪ್ ಹಾರಿಸಿದ್ದೇ ತಡ, ಇಂಜಿನ್ ಜಗ್ಗಿತು. ಪರದೆ ಹಿಡಿದು ನಿಲ್ಲಿಸಿ ನೋಡಿದರೆ, ಚೌಕ ಅಲೆ ಮಾಯವಾಗಿ 5 ವೋಲ್ಟಿನಲ್ಲಿ ನೇರ ಗೆರೆ. ಅದೇ ಕ್ಷಣಕ್ಕೆ, ಸೊನ್ನೆಯಲ್ಲಿರಬೇಕಾದ ಅರ್ಥ್ ವೈರಿನ ಗೆರೆಯೂ ಮೇಲಕ್ಕೆ ಹಾರಿತ್ತು. ಸೆನ್ಸರ್ ಅಲ್ಲ, ಬ್ಯಾಟರಿ ಅಲ್ಲ, ಪಂಪ್ ಅಲ್ಲ. ಅರ್ಥ್ ವೈರ್ ಎಲ್ಲೋ ಬಿಟ್ಟು ಬಿಟ್ಟು ಹಿಡೀತಿದೆ.

ವಾಪಸ್ ಬಂದು ವೈರಿಂಗ್ ಬಿಚ್ಚುತ್ತಾ ಹೋದರೆ ಬ್ಯಾಟರಿ ತಟ್ಟೆಯ ಕೆಳಗೆ ಸಿಕ್ಕಿತು. ಮಲೆನಾಡಿನ ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಒಳಗೆ ಮನೆ ಮಾಡೋರು ಯಾರು ಹೇಳಿ? ಇಲಿ. ವೈರಿನ ಹತ್ತಾರು ಎಳೆಯಲ್ಲಿ ಎರಡೇ ಎರಡು ಉಳಿದಿದ್ದವು. ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಟೇಪ್ ಸುತ್ತಿದ್ದಕ್ಕೆ ಅರ್ಧ ಗಂಟೆ. ಹುಡುಕಿದ್ದಕ್ಕೆ ಎರಡೂವರೆ ಗಂಟೆ.

ಗೆಳೆಯ 800 ರೂಪಾಯಿ ಹೇಳಿದ. ಭಾವ ಬಿಲ್ ನೋಡಿದರು. “ಪಾರ್ಟ್ಸ್ ಏನೂ ಹಾಕಿಲ್ವಲ್ಲಪ್ಪ. ಒಂದು ಚೂರು ಟೇಪಿಗೆ 800ಆ?”

ಗೆಳೆಯ ಸಿಟ್ಟಾಗಲಿಲ್ಲ. “ಸಾರ್, ನಾನೂ ಒಂದು ಸೆನ್ಸರ್ ಹಾಕಿ 3,000 ಬರೆದಿದ್ರೆ ನೀವು ಕೇಳ್ತಿರಲಿಲ್ಲ. ಅದರಲ್ಲಿ ನನಗೂ ನಾಲ್ಕು ಕಾಸು ಉಳೀತಿತ್ತು. ಏನೂ ಹಾಕದೇ ಇದ್ದಿದ್ದಕ್ಕೇ ಇದು 800” ಅಂದ. ಭಾವ ಮಾತಾಡಲಿಲ್ಲ. ಅಕ್ಕ ಫೋನ್ ತೆಗೆದು ಸ್ಕ್ಯಾನ್ ಮಾಡಿ ಕೊಟ್ಟಳು.

ನನಗೆ ಆ ಮಾತು ಇನ್ನೂ ತಲೆಯಲ್ಲಿದೆ. ಡಾಕ್ಟರ ಹತ್ತಿರ ಹೋದರೆ ಮಾತ್ರೆ ಕೊಡದಿದ್ದರೂ ಕನ್ಸಲ್ಟೇಷನ್ ಫೀಸ್ ಕೊಡ್ತೀವಿ. ಮೆಕ್ಯಾನಿಕ್‌ಗೆ ಮಾತ್ರ ಪಾರ್ಟ್ ಬದಲಿಸಿದರಷ್ಟೇ ದುಡ್ಡು ಅಂತ ನಾವೇ ನಿಯಮ ಮಾಡಿಟ್ಟಿದ್ದೀವಿ. ಆಮೇಲೆ ‘ಬರೀ ಪಾರ್ಟ್ ಬದಲಿಸ್ತಾರೆ ಕಣ್ರಿ’ ಅಂತ ದೂರೋರೂ ನಾವೇ. ಬದಲಿಸಿದ್ದಕ್ಕೆ ಮಾತ್ರ ಕೂಲಿ ಸಿಗೋ ಕಡೆ ಯಾರು ತಾನೇ ಎರಡೂವರೆ ಗಂಟೆ ಕೂತು ಹುಡುಕ್ತಾರೆ?

ಅಳೆಯದೆ ಬದಲಿಸಬಾರದು ಅನ್ನೋದು ನಮ್ಮ ಊರಿಗೆ ಹೊಸ ವಿದ್ಯೆಯೇನಲ್ಲ. 1923ರಲ್ಲಿ ಕುಲುಮೆ ಹೊತ್ತಿಸಿದ ಮೈಸೂರು ಐರನ್ ವರ್ಕ್ಸ್, ಮುಂದೆ ವಿಐಎಸ್‌ಎಲ್ ಆದ ಕಾರ್ಖಾನೆ, ಮತ್ತೆ ಎಂಪಿಎಂ, ಇವೆರಡರ ಇನ್ಸ್ಟ್ರುಮೆಂಟ್ ವಿಭಾಗದಲ್ಲಿ ಕೆಲಸ ಕಲಿತವರು ಭದ್ರಾವತಿಯ ಬೀದಿ ಬೀದಿಯಲ್ಲೂ ಇದ್ದಾರೆ. ನಮ್ಮಪ್ಪನೂ ಅವರಲ್ಲೊಬ್ಬರು. ಮೀಟರ್ ತಪ್ಪು ತೋರಿಸ್ತಿದೆ ಅಂದರೆ ಅಪ್ಪ ಮೊದಲು ಕೇಳ್ತಿದ್ದದ್ದು, “ತಪ್ಪು ತೋರಿಸ್ತಿದೆಯೋ, ಬೇರೆ ಕಡೆ ತಪ್ಪಾಗಿರೋದನ್ನ ಸರಿಯಾಗಿ ತೋರಿಸ್ತಿದೆಯೋ?”

ಗಾಡಿಯ ಆಕ್ಸಿಜನ್ ಸೆನ್ಸರಿಗೆ ಈ ಮಾತು ಅಚ್ಚುಕಟ್ಟಾಗಿ ಹೊಂದುತ್ತೆ. ಸಾಮಾನ್ಯ ಪೆಟ್ರೋಲ್ ಗಾಡಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರಿಗೆ ಮೊದಲು ಕೂತಿರುವ ಆ ಸೆನ್ಸರ್ ಬಿಸಿಯಾದ ಮೇಲೆ 0.1 ಮತ್ತು 0.9 ವೋಲ್ಟಿನ ನಡುವೆ ಏರಿಳೀತಾ ಇರಬೇಕು. ಸದಾ ಕೆಳಗೇ ಬಿದ್ದಿದ್ದರೆ ಸೆನ್ಸರ್ ಕೆಟ್ಟಿದೆ ಅಂತ ಕಿತ್ತು ಹಾಕ್ತಾರೆ. ಎಷ್ಟೋ ಸಲ ಅದು ನಿಜವನ್ನೇ ಹೇಳ್ತಿರುತ್ತೆ. ಎಲ್ಲೋ ಪೈಪ್ ಸೀಳಿ ಹೆಚ್ಚುವರಿ ಗಾಳಿ ಒಳಗೆ ಹೋಗ್ತಿರುತ್ತೆ. ಡೈನಮೋ ಕಥೆಯೂ ಅಷ್ಟೆ. ಒಳಗೆ ಒಂದು ಡಯೋಡ್ ಹೋಗಿದ್ದರೂ ಮಲ್ಟಿಮೀಟರಿನಲ್ಲಿ 14 ವೋಲ್ಟ್ ಆಸುಪಾಸು ಕಾಣಬಹುದು. ಸ್ಕೋಪಿನಲ್ಲಿ ಮಾತ್ರ ಒಂದೇ ಸಮನೆ ಇರಬೇಕಾದ ಸಣ್ಣ ಅಲೆಗಳ ನಡುವೆ ಹಲ್ಲು ಬಿದ್ದ ಹಾಗೆ ತಗ್ಗು ಕಾಣುತ್ತೆ.

ಹಾಗಂತ ಸ್ಕೋಪ್ ಮಂತ್ರದಂಡ ಅಲ್ಲ. ಅದು ಅಲೆ ತೋರಿಸುತ್ತೆ, ಸರಿಯೋ ತಪ್ಪೋ ಹೇಳಲ್ಲ. ಸರಿ ಇರುವಾಗ ಹೇಗಿರುತ್ತೆ ಅಂತ ಗೊತ್ತಿದ್ದವರಿಗೆ ಮಾತ್ರ ತಪ್ಪು ಕಾಣೋದು. ಅದಕ್ಕೇ ಗೆಳೆಯ ಈಗ ಚೆನ್ನಾಗಿರುವ ಗಾಡಿ ಸರ್ವಿಸಿಗೆ ಬಂದಾಗಲೂ ನಾಲ್ಕು ಅಲೆಗಳ ಫೋಟೊ ತೆಗೆದು ಮಾಡೆಲ್ ಹೆಸರಿನಲ್ಲಿ ಫೋನಿನಲ್ಲಿ ಇಟ್ಟುಕೊಳ್ತಾನೆ.

ನಿಮ್ಮಲ್ಲಿ ಯಾರಿಗಾದರೂ ಕೈ ತುರಿಸ್ತಿದ್ದರೆ ಒಂದೆರಡು ಎಚ್ಚರಿಕೆ. ಇಂಜೆಕ್ಟರ್ ಮುಚ್ಚುವ ಕ್ಷಣದಲ್ಲಿ 12 ವೋಲ್ಟಿನ ವೈರಿನಲ್ಲೇ 60 ವೋಲ್ಟಿನಷ್ಟು ಚಿಮ್ಮಬಹುದು, ಇಗ್ನಿಷನ್ ಕಾಯಿಲಿನ ಪ್ರೈಮರಿಯಲ್ಲಿ ನೂರಾರು. ಸ್ಕೋಪಿನ ಮಿತಿ ಓದಿಕೊಂಡು 10ಎಕ್ಸ್ ಪ್ರೋಬ್ ಬಳಸಿ. ಪ್ಲಗ್ಗಿನ ವೈರಿಗೆ ನೇರವಾಗಿ ಹಚ್ಚಲೇಬೇಡಿ. ಎರಡು ಚಾನೆಲ್ಲಿನ ಅರ್ಥ್ ಕ್ಲಿಪ್ ಸಾಮಾನ್ಯವಾಗಿ ಒಳಗೆ ಒಂದೇ ಆಗಿರುತ್ತೆ, ಎರಡನ್ನೂ ಬ್ಯಾಟರಿ ನೆಗೆಟಿವ್‌ಗೇ ಹಾಕಿ. ಸ್ಕೋಪ್ ಚಾರ್ಜಿಗೆ ಹಾಕಿಕೊಂಡು ಅಳೀಬೇಡಿ. ವೈರಿನ ಮೈಗೆ ಸೂಜಿ ಚುಚ್ಚಬೇಡಿ, ನಮ್ಮ ಮಳೆಗೆ ಆ ತೂತೇ ಮುಂದೆ ಹಸಿರು ತುಕ್ಕಾಗುತ್ತೆ. ಕಪ್ಲರಿನ ಹಿಂಬದಿಯಿಂದ ತೆಳು ಪಿನ್ ತೂರಿಸಿ. ಎಲೆಕ್ಟ್ರಿಕ್, ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ಲಿನ ಹತ್ತಿರ ಹೋಗಲೇಬೇಡಿ. ಗಾಡಿ ಓಡುವಾಗ ಪರದೆ ನೋಡುವವರು ಬೇರೆ, ಓಡಿಸುವವರು ಬೇರೆ ಇರಲಿ.

ಸ್ಕೋಪ್ ಕೊಳ್ಳುವ ಯೋಚನೆ ಇಲ್ಲದವರೂ ಮುಂದಿನ ಸಲ ‘ಸೆನ್ಸರ್ ಹೋಗಿದೆ’ ಅಂದಾಗ ಮೂರು ಪ್ರಶ್ನೆ ಕೇಳಬಹುದು. ಸೆನ್ಸರಿಗೆ ಸಪ್ಲೈ, ಅರ್ಥ್ ಬರ್ತಿದೆಯಾ ಅಂತ ನೋಡಿದ್ರಾ? ಸಿಗ್ನಲ್ ಅಳೆದ್ರಾ? ವೈರಿಂಗ್ ಅಲ್ಲಾಡಿಸಿ ನೋಡಿದ್ರಾ? ಜಗಳದ ದನಿ ಬೇಡ, ವಿಚಾರಿಸುವ ದನಿ ಸಾಕು. ಅದರ ಜೊತೆಗೇ ನಾಲ್ಕನೇ ಮಾತೂ ಸೇರಿಸಿ: “ಪತ್ತೆ ಮಾಡಿ ಅಣ್ಣ, ಅದಕ್ಕೆ ಎಷ್ಟಾಗುತ್ತೋ ಬೇರೆ ಕೊಡ್ತೀನಿ.” ಇಷ್ಟು ಹೇಳಿದ ಗಿರಾಕಿಯ ಗಾಡಿಗೆ ಮೆಕ್ಯಾನಿಕ್ ಕೊಡುವ ಗಮನವೇ ಬೇರೆ. ಬಿಲ್ಲಿನಲ್ಲಿ ಆ ಸಾಲು ಬಂದಾಗ ಚೌಕಾಸಿ ಮಾಡದೆ ಕೊಟ್ಟೂ ಬಿಡಿ.

ಅಕ್ಕನ ಕಾರು ಆಮೇಲೆ ದಾರಿಯಲ್ಲಿ ನಿಂತಿಲ್ಲ. ನೈಟ್ ಡ್ಯೂಟಿ ನಡೀತಿದೆ. ಭಾವ ಬ್ಯಾಟರಿ ಪಕ್ಕ ನುಸಿಗುಳಿಗೆಯ ಪೊಟ್ಟಣ ಕಟ್ಟಿದ್ದಾರೆ. ಅದಕ್ಕೆ ಇಲಿ ಹೆದರುತ್ತೋ ಇಲ್ಲವೋ, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವ ಅಭ್ಯಾಸವಂತೂ ಆಗಿದೆ.